ಮೀಸೆ ತೆಗೆದ ಬೇಸಿಗೆ

ಹೋದ ತಿಂಗಳು ಕೋಟನೂರಿನ ಹತ್ತಿರ ನನ್ನ ಸ್ಕೂಟರಿನ ಹಿಂದಿನ ಗಾಲಿ ಪಂಕ್ಚರ್ ಆಯಿತು. ರಸ್ತೆ ಬದಿಯ ಅಂಗಡಿಯವನು ಟ್ಯೂಬು ಹೊರಗೆಳೆದು, ಬೋಗುಣಿಯ ನೀರಿನಲ್ಲಿ ಅದ್ದಿ ನೋಡಿ, ಇದು ಇನ್ನು ಬಾಳುವುದಿಲ್ಲ ಎಂದು ಹೊಸದೊಂದರ ಡಬ್ಬಿ ಬಿಚ್ಚಿದ. ಪೌಡರು ಸವರಿದ ಕಪ್ಪು ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಬೇವಿನ ನೆರಳಲ್ಲಿ ಸ್ಟೂಲಿನ ಮೇಲೆ ಕೂತಿದ್ದವನು ಎದ್ದು ಬಿಸಿಲಿಗೆ ಹೋಗಿ ನಿಂತೆ. ನೆರಳು ಬಿಟ್ಟು ಅಲ್ಲೇಕೆ ನಿಂತಿರಿ ಎಂದು ಅವನು ಕೇಳಿದ. ಕಾಲು ಜೋಮು ಹಿಡಿದಿದೆ ಎಂದು ಹೇಳಿದೆ. ಮೂವತ್ತು ವರ್ಷಗಳ ಹಿಂದೆ ಒಂದು ಬೇಸಿಗೆಯಿಡೀ ಅದೇ ವಾಸನೆಯನ್ನು ಮುಖಕ್ಕೆ ಕಟ್ಟಿಕೊಂಡು ನೀರಿನ ಮೇಲೆ ಬೋರಲು ಬಿದ್ದಿದ್ದೆ ಎಂದರೆ ಅವನಿಗೆ ಏನು ಅರ್ಥವಾದೀತು?

ಅದು ತೊಂಬತ್ತೊಂದರ ಬೇಸಿಗೆ. ನಾನಾಗ ಕಮಲಾಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ವಯಸ್ಸು ಇಪ್ಪತ್ತೊಂಬತ್ತು. ಭೀಮಾ ನದಿಯ ದಂಡೆಯ ಹಳ್ಳಿಯಲ್ಲಿ ಹುಟ್ಟಿದವನು, ನಡೆಯುವುದನ್ನೂ ಈಜುವುದನ್ನೂ ಒಂದೇ ಸಲ ಕಲಿತವನು. ಕಮಲಾಪುರದಲ್ಲಿ ನದಿ ಇಲ್ಲ. ಕೆಂಪು ಬಾಳೆಯ ತೋಟಗಳಿದ್ದವು, ತೋಟಗಳಿಗೆ ಹೋಗುವ ದಾರಿಯಲ್ಲಿ ಒಂದು ಹಳೆಯ ಕಲ್ಲಹೊಂಡ ಇತ್ತು. ಮೂರು ಕಡೆ ಮೆಟ್ಟಿಲು, ಮೂಡಣ ಗೋಡೆಯಲ್ಲಿ ಒಂದು ಖಾಲಿ ಗೂಡು. ಒಳಗೆ ಸೆಲೆ ಇದ್ದುದರಿಂದ ಎಂಥ ಬೇಸಿಗೆಯಲ್ಲೂ ಅದು ಪೂರ್ತಿ ಒಣಗುತ್ತಿರಲಿಲ್ಲ. ಎದೆಮಟ್ಟದ ನೀರು ಉಳಿಯುತ್ತಿತ್ತು.

ಹಿಂದಿನ ವರ್ಷ ಭಾದ್ರಪದದಲ್ಲಿ ನಮ್ಮ ಮಗಳು ಸುಧಾ ತೀರಿಕೊಂಡಿದ್ದಳು. ಐದು ತಿಂಗಳ ಕೂಸು. ಬೆಳಿಗ್ಗೆ ಮೈ ಸುಡುತ್ತಿತ್ತು, ಮಧ್ಯಾಹ್ನದ ಬಸ್ಸಿಗೆ ಕಲಬುರಗಿಗೆ ಒಯ್ದೆವು, ಸಂಜೆಯೊಳಗೆ ಎಲ್ಲ ಮುಗಿಯಿತು. ಆಸ್ಪತ್ರೆಯ ಪಡಸಾಲೆಯಲ್ಲಿ ನನ್ನ ಹೆಂಡತಿ ಕಸ್ತೂರಿ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾಗ ನಾನು ಒಂದು ಮಾತು ಅಂದೆ.

“ಜ್ವರ ಬಂದದ್ದು ಮೊದಲೇ ಹೇಳಬೇಕಾಗಿತ್ತು ನೀ.”

ಅಷ್ಟೇ. ದನಿ ಕೂಡ ಏರಿಸಲಿಲ್ಲ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಆವತ್ತಿನಿಂದ ಅವಳು ನನ್ನ ಜೊತೆ ಆಡಿದ್ದು ಊಟಕ್ಕೆ ಏಳಿ, ಹಾಲು ಬಂದಿಲ್ಲ, ಇಂಥ ಮಾತುಗಳನ್ನು ಮಾತ್ರ. ಸಣ್ಣ ಕೂಸುಗಳಿಗೆ ನಮ್ಮಲ್ಲಿ ದೊಡ್ಡ ಶಾಸ್ತ್ರವಿಲ್ಲ. ಮಣ್ಣು ಕೊಟ್ಟು, ಮೈ ತೊಳೆದುಕೊಂಡು ಬಂದರೆ ಮುಗಿಯಿತು. ತಲೆ ಬೋಳಿಸುವುದು, ಮೀಸೆ ತೆಗೆಯುವುದು ಎಲ್ಲ ಹಿರಿಯರು ಹೋದಾಗ. ಹೀಗಾಗಿ ನಾನು ನಾಲ್ಕನೆಯ ದಿನ ಶಾಲೆಗೆ ಹೋಗಿ ಎಂಟನೆಯ ತರಗತಿಗೆ ಹೂಜಿಯ ಚಿತ್ರ ಬಿಡಿಸಲು ಹೇಳಿಕೊಟ್ಟೆ. ದಸರೆಗೆಂದು ತವರಿಗೆ ಹೋದ ಕಸ್ತೂರಿ ಹಿಂದಿರುಗಲಿಲ್ಲ. ಅವಳ ತವರು ಕಲಬುರಗಿಯಲ್ಲಿ, ಶರಣಬಸವೇಶ್ವರ ಗುಡಿಯ ಹಿಂದಿನ ಓಣಿ. ಎರಡು ಪತ್ರ ಬರೆದೆ. ಒಂದಕ್ಕೆ ಉತ್ತರ ಬಂತು. ತಾನು ಆರಾಮ ಇರುವುದಾಗಿ, ಹೊಲಿಗೆ ಕ್ಲಾಸಿಗೆ ಹೋಗುತ್ತಿರುವುದಾಗಿ, ನಾನೂ ಆರಾಮ ಇರಬೇಕೆಂಬುದಾಗಿ ಮೂರು ಸಾಲು.

ಪರೀಕ್ಷೆಗಳು ಮುಗಿದು ಶಾಲೆಗೆ ಬೀಗ ಬಿತ್ತು. ಉಳಿದ ಮಾಸ್ತರರೆಲ್ಲ ತಮ್ಮ ತಮ್ಮ ಊರಿಗೆ ಹೋದರು. ನಾನು ಎಲ್ಲಿಗೆ ಹೋಗುವುದೆಂದು ತಿಳಿಯದೆ ಬಾಡಿಗೆಯ ಎರಡು ಕೋಣೆಗಳಲ್ಲೇ ಉಳಿದೆ. ಬೆಳಗಾದರೆ ಒಂದು ತಟ್ಟೆ, ಒಂದು ಲೋಟ ತೊಳೆಯುವುದು. ಹೊತ್ತು ಮುಳುಗಿದರೆ ಅವನ್ನೇ ಮತ್ತೆ ತೊಳೆಯುವುದು. ಕೆಲವು ದಿನ ಸಂಜೆಯ ಹೊತ್ತಿಗೆ, ಇವತ್ತು ಒಂದು ಮಾತೂ ಆಡಿಲ್ಲವಲ್ಲ ಎಂದು ನೆನಪಾಗಿ, ಗಂಟಲು ಸರಿ ಇದೆಯೋ ಎಂದು ಕೆಮ್ಮಿ ನೋಡುತ್ತಿದ್ದೆ.

ಬೇಸರಕ್ಕೆ ಮನೆ ಚೊಕ್ಕ ಮಾಡುತ್ತಿದ್ದಾಗ ಕೂಸಿನ ಬಟ್ಟೆಗಳ ಡಬ್ಬಿ ಸಿಕ್ಕಿತು. ಕುಂಚಿಗೆ ಇತ್ತು, ಕಾಲಿನ ಕರಿಮಣಿ ಇತ್ತು, ಬೆಳ್ಳಿಯ ಉಡದಾರ ಇರಲಿಲ್ಲ. ನನ್ನ ತಾಯಿ ಸರಾಫ ಬಜಾರಿನಲ್ಲಿ ಕೂತು ಮಾಡಿಸಿದ್ದ ಉಡದಾರ ಅದು, ಎರಡು ಸಣ್ಣ ಗೆಜ್ಜೆ ಇಟ್ಟದ್ದು. ಕಸ್ತೂರಿ ಒಯ್ದಿರಬೇಕು ಎಂದುಕೊಂಡೆ. ಆದರೂ ಮನೆಯೊಡತಿ ಭಾಗಮ್ಮನನ್ನು ಕೇಳಿದೆ. ಆಕೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು.

“ಅದು ಹೊಂಡದಾಗ ಹೋತಲ್ರೀ ಸರ್, ಮೈ ತೊಳಕೊಳ್ಳಾಕ ಹೋದ ದಿನ,” ಎಂದಳು. “ಕಸ್ತೂರಿ ಬಾಯಿ ನಿಮಗ ಹೇಳಿಲ್ಲೇನ್ರಿ?”

ಹೇಳಿರಲಿಲ್ಲ. ಉಡದಾರವನ್ನು ತೊಳೆಯುವಾಗ ಕೈಜಾರಿ ಹೋಗಿರಬೇಕು, ಅದನ್ನೂ ನಾನು ಅವಳ ತಪ್ಪೆಂದು ಎಣಿಸುತ್ತೇನೆಂದು ಹೆದರಿ ಸುಮ್ಮನಾಗಿರಬೇಕು ಎಂದು ನನಗನಿಸಿತು. ಆ ಮಧ್ಯಾಹ್ನ ನಾನು ಚಾಪೆಯ ಮೇಲೆ ಕೂತು ಯೋಚಿಸಿದ್ದು ಬಹಳ ಸರಳವಾಗಿತ್ತು. ಉಡದಾರವನ್ನು ಹುಡುಕಿ ತೆಗೆಯಬೇಕು, ಒಯ್ದು ಅವಳ ಕೈಗೆ ಕೊಡಬೇಕು. ಮಾತು ಆಡಲು ಬಾರದವನಿಗೆ ಅದು ಮಾತಿನ ಬದಲಿಗೆ ಆದೀತು.

ಮರುದಿನ ನಸುಕಿನಲ್ಲೇ, ಬಟ್ಟೆ ಒಗೆಯುವವರು ಬರುವ ಮೊದಲು, ಹೊಂಡಕ್ಕೆ ಇಳಿದೆ. ಈಜು ಬಲ್ಲೆನೆಂಬ ಧೈರ್ಯ ಮೊದಲ ಐದು ನಿಮಿಷದಲ್ಲೇ ಕರಗಿತು. ನೀರು ಎದೆಮಟ್ಟ, ತಿಳಿಯಾಗಿತ್ತು. ಆದರೆ ತಳದಲ್ಲಿ ಒಂದು ಗೇಣು ಕಪ್ಪು ಹೂಳು. ಕಾಲು ಊರಿದ ಕೂಡಲೇ ಕೆಸರು ಹೊಗೆಯಂತೆ ಎದ್ದು ಮೊಣಕಾಲು ಕೂಡ ಕಾಣದಾಯಿತು. ಉಸಿರು ಹಿಡಿದು ಮುಳುಗಿ ಕಣ್ಣು ಬಿಟ್ಟರೆ ಎಲ್ಲವೂ ಕಲಸಿದ ಬಣ್ಣ. ಕೈಯಿಂದ ತಡಕಾಡಿ ಎರಡು ತಗಡು, ಒಂದು ಹರಿದ ಚಪ್ಪಲಿ ತೆಗೆದೆ. ಮೂರು ದಿನ ಹೀಗೇ ನಡೆಯಿತು. ಕಣ್ಣು ಕೆಂಡವಾದವು.

ಮೂರನೆಯ ದಿನ ಮೆಟ್ಟಿಲ ಮೇಲಿಂದ ಯಾರೋ ಮಾತಾಡಿದರು.

“ಕೆಸರ ಎಬ್ಬಿಸಿ ಹುಡುಕಿದ್ರ ಕೆಸರೇ ಸಿಗ್ತದ್ರಿ ಮಾಸ್ತರ್.”

ಅವರು ಇಸ್ಮಾಯಿಲ್ ಸಾಹೇಬರು. ಪಕ್ಕದ ಬಾಳೆ ತೋಟವನ್ನು ಕಾಯುತ್ತಿದ್ದ ಮುದುಕರು. ಎಡಗಿವಿ ಕೇಳುತ್ತಿರಲಿಲ್ಲ, ಆದ್ದರಿಂದ ಯಾವಾಗಲೂ ಬಲಗಿವಿಯನ್ನು ಮಾತಾಡುವವರ ಕಡೆ ಮಾಡಿ ಕೂಡುತ್ತಿದ್ದರು. ಅವರು ಹದಿನೆಂಟು ವರ್ಷ ಮುಂಬಯಿ ಬಂದರಿನಲ್ಲಿ ಮುಳುಗುವ ಕೆಲಸ ಮಾಡಿದವರೆಂದು ನನಗೆ ಗೊತ್ತಾಗಿದ್ದು ಆವತ್ತೇ. ಹಡಗಿನ ಹೊಟ್ಟೆಗೆ ಅಂಟಿದ ಚಿಪ್ಪು ಕೆರೆಯುವುದು, ಹಡಗು ತಂಗುವ ಧಕ್ಕೆಯ ಬುಡದಲ್ಲಿ ಬಿದ್ದ ಸಾಮಾನು ಮೇಲೆತ್ತುವುದು ಅವರ ಕೆಲಸವಾಗಿತ್ತಂತೆ. ಕಿವಿ ಹೋಗಿದ್ದೂ ಅಲ್ಲೇ. ನಾನು ಏನು ಹುಡುಕುತ್ತಿದ್ದೇನೆಂದು ಅವರು ಕೇಳಲಿಲ್ಲ. ಎಷ್ಟು ದೊಡ್ಡದು, ಹೊಳೆಯುವಂಥದೋ ಅಲ್ಲವೋ ಎಂದಷ್ಟೇ ಕೇಳಿದರು. ಬೆರಳಿನಿಂದ ಅಳತೆ ತೋರಿಸಿದೆ.

ತಗ್ಗು ನೀರಿನಲ್ಲಿ ಹುಡುಕುವವನ ಮೊದಲ ನೇಮ ಕಾಲು ಊರದೇ ಇರುವುದು ಎಂದು ಅವರು ಹೇಳಿದರು. ಹೆಣದ ಹಾಗೆ ಬೋರಲು ತೇಲಬೇಕು, ಕೈಯಷ್ಟೇ ಕೆಳಗೆ ಹೋಗಬೇಕು. ತೇಲುತ್ತ ನೋಡಬೇಕೆಂದರೆ ಮುಖ ನೀರಲ್ಲೇ ಇರಬೇಕು, ಉಸಿರಿಗಾಗಿ ಮತ್ತೆ ಮತ್ತೆ ತಲೆ ಎತ್ತಿದರೆ ಕಾಲು ತಾನೇ ಕೆಳಗಿಳಿಯುತ್ತದೆ. ಅದಕ್ಕೆ ಎರಡು ಸಾಮಾನು ಬೇಕು, ನೀರಿನ ಚಷ್ಮಾ ಮತ್ತು ಉಸಿರಿನ ನಳಿ. ಆಮೇಲೆ ಅವರು ಒಂದು ಬಾಳೆಲೆಯ ತುಂಡನ್ನು ನನ್ನ ಮುಖಕ್ಕೆ ಹಿಡಿದು, ಹೇಗೆ ನೋಡಿ ತರಬೇಕೆಂದು ತಿಳಿಸಿ ಹೇಳಿದರು. ಮುಂದಿನದು ಗಾಜೇ ಆಗಿರಲಿ, ಪ್ಲಾಸ್ಟಿಕ್ ಆದರೆ ಮರಳಿಗೆ ಗೀರು ಬಿದ್ದು ಕುರುಡಾಗುತ್ತದೆ. ಮೂಗು ಒಳಗೇ ಇರಬೇಕು, ಕಣ್ಣನ್ನು ಮಾತ್ರ ಮುಚ್ಚುವಂಥದು ಬೇಡ. ಒಳಗೆ ಜಾಗ ಕಡಿಮೆ ಇದ್ದಷ್ಟೂ ಗಾಜು ಕಣ್ಣಿಗೆ ಹತ್ತಿರ, ಹತ್ತಿರವಾದಷ್ಟೂ ಕಾಣುವುದು ಜಾಸ್ತಿ. ನಳಿ ಒಂದು ಮೊಳಕ್ಕಿಂತ ಉದ್ದವಿರಬಾರದು, ಉದ್ದವಾದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತೀರಿ.

“ಪಟ್ಟಿ ಹಾಕ್ಕೊಳ್ಳದ ಮುಖಕ್ಕ ಇಡ್ರಿ,” ಎಂದರು. “ಮೂಗಿಲೆ ಉಸಿರ ಎಳೀರಿ, ಕೈ ಬಿಡ್ರಿ. ಬೀಳಲಿಲ್ಲಂದ್ರ ಅದು ನಿಮ್ಮದು. ಬಿತ್ತಂದ್ರ ಎಷ್ಟ ಚಂದಿದ್ದರೂ ತರಬ್ಯಾಡ್ರಿ.”

ಮರುದಿನ ಕಲಬುರಗಿಗೆ ಹೋದೆ. ಸಮುದ್ರವೇ ಇಲ್ಲದ ಸೀಮೆಯಲ್ಲಿ ಅಂಥ ಸಾಮಾನು ಎಲ್ಲಿ ಸಿಕ್ಕೀತು? ಸುಪರ್ ಮಾರ್ಕೆಟ್ಟಿನಲ್ಲಿ ಎರಡು ಆಟದ ಸಾಮಾನಿನ ಅಂಗಡಿಯವರು ಇಲ್ಲವೆಂದು ತಲೆ ಆಡಿಸಿದರು. ಮೂರನೆಯ ಅಂಗಡಿಯ ಮಾಲಕರು ವಯಸ್ಸಾದವರು, ಕೇರಂ ಬೋರ್ಡುಗಳ ನಡುವೆ ಕೂತು ಪೇಪರ್ ಓದುತ್ತಿದ್ದರು. ನಾನು ಕೇಳಿದ್ದನ್ನು ಎರಡು ಸಲ ಕೇಳಿಸಿಕೊಂಡು, ಏಣಿ ಹಾಕಿ, ಮೇಲಿನ ಅಟ್ಟದಿಂದ ಧೂಳು ಹಿಡಿದ ರಟ್ಟಿನ ಪೆಟ್ಟಿಗೆ ಇಳಿಸಿದರು. ಈಜುಕೊಳದವರು ಕೊಳ್ಳಬಹುದೆಂದು ಯಾವಾಗಲೋ ತರಿಸಿದ್ದರಂತೆ, ಯಾರೂ ಕೇಳಲಿಲ್ಲವಂತೆ.

“ಗೋವಾಕ್ಕ ಹೊಂಟೀರೇನ್ರಿ?” ಎಂದು ಕೇಳಿದರು.

ಕಮಲಾಪುರಕ್ಕೆ ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ಒಮ್ಮೆ ನೋಡಿ, ಪೆಟ್ಟಿಗೆಯ ಧೂಳು ಕೊಡವಿ ಮುಚ್ಚಳ ತೆಗೆದರು.

ಪೆಟ್ಟಿಗೆಯಲ್ಲಿ ಮೂರು ಮಾಸ್ಕುಗಳಿದ್ದವು. ಒಂದು ನೀಲಿ ಪ್ಲಾಸ್ಟಿಕ್ಕಿನದು, ನಳಿ ಅದಕ್ಕೇ ಜೋಡಿಸಿದ್ದು, ನಳಿಯ ತುದಿಯ ಪಂಜರದಲ್ಲಿ ಒಂದು ಬಿಳಿ ಚೆಂಡು. ನೀರು ಬಂದರೆ ಚೆಂಡು ಮೇಲೆದ್ದು ಬಾಯಿ ಮುಚ್ಚುತ್ತದೆ ಎಂದು ಮಾಲಕರು ಬೆರಳಿನಿಂದ ತಳ್ಳಿ ತೋರಿಸಿದರು. ಚೆಂಡು ಅಲ್ಲೇ ಸಿಕ್ಕಿಕೊಂಡಿತು. ಅದನ್ನು ಅವರೇ ಬದಿಗಿಟ್ಟರು. ಇನ್ನೊಂದು ಅಗಲವಾದ ಮೊಟ್ಟೆಯಾಕಾರದ ಗಾಜು, ಸುತ್ತ ದಪ್ಪ ಕಪ್ಪು ರಬ್ಬರು, ನೋಡಲು ಭಾರಿ ಗಂಭೀರ. ನನ್ನ ಕೈ ಮೊದಲು ಹೋದದ್ದು ಅದಕ್ಕೇ. ಮುಖಕ್ಕಿಟ್ಟು ಉಸಿರು ಎಳೆದೆ. ಎರಡೂ ಕೆನ್ನೆಯ ಬದಿಯಿಂದ ಗಾಳಿ ನುಗ್ಗಿ, ಕೈ ಬಿಟ್ಟ ಕೂಡಲೇ ಮಡಿಲಿಗೆ ಬಿತ್ತು. ಆ ವರ್ಷ ನಾನು ಅಷ್ಟು ಸೊರಗಿದ್ದೆ. ಇನ್ನೊಮ್ಮೆ ಇಟ್ಟೆ, ಮತ್ತೆ ಬಿತ್ತು. ಮೂರನೆಯದು ಸಣ್ಣದು, ಚಪ್ಪಟೆ, ಮೂಗಿಗೆ ಬೇರೆ ಚೀಲವಿದ್ದದ್ದು. ನೋಡಲು ಕಪ್ಪೆಯ ಮುಖ. ಅದನ್ನು ಇಟ್ಟು ಉಸಿರು ಎಳೆದಾಗ ರಬ್ಬರು ಕೆನ್ನೆಗೆ ಗಪ್ಪನೆ ಹಿಡಿಯಿತು. ಕೈ ಬಿಟ್ಟೆ. ಒಂದು, ಎರಡು, ಮೂರು ಎಂದು ಎಣಿಸುವಷ್ಟರಲ್ಲಿ ಮೂಗಿನ ಕೆಳಗೆ ಸುಯ್ಯೆಂದು ಸದ್ದಾಗಿ ಸಡಿಲಾಯಿತು. ಮತ್ತೊಮ್ಮೆ ಇಟ್ಟರೂ ಅಷ್ಟೇ, ಮೂರು ಎಣಿಸಿದೊಡನೆ ಸುಯ್ಯೆನ್ನುತ್ತಿತ್ತು.

ಮಾಲಕರು ಹತ್ತಿರ ಬಗ್ಗಿ ನೋಡಿದರು. “ಚಷ್ಮಾ ಛಲೋನೇ ಅದ್ರಿ. ನಿಮ್ಮ ಮೀಸಿ ಬಿಡವಲ್ದು,” ಎಂದರು.

ನನಗಾಗ ದಪ್ಪ ಮೀಸೆ ಇತ್ತು. ಮದುವೆಯ ಫೋಟೋದಲ್ಲಿ ಮುಖಕ್ಕಿಂತ ಮೊದಲು ಅದೇ ಕಾಣುತ್ತದೆ. ವ್ಯಾಸಲೀನ್ ಮೆತ್ತಿಕೊಂಡರೆ ನಡೆದೀತೇ ಎಂದು ಕೇಳಿದೆ. ಒಂದೆರಡು ದಿನ ನಡೆದೀತು, ಆಮೇಲೆ ರಬ್ಬರೇ ಕೊಳೆಯುತ್ತದೆ ಎಂದರು. ನಳಿಗಳಲ್ಲಿ ಚೆಂಡು ಗಿಂಡು ಏನೂ ಇಲ್ಲದ, ಊರುಗೋಲಿನ ಹಿಡಿಯಂತೆ ಬಾಗಿದ ಒಂದು ಗಿಡ್ಡ ನಳಿ ಸಿಕ್ಕಿತು. ಮೊಳ ಹಾಕಿ ನೋಡಿದೆ, ಸರಿಯಾಗಿತ್ತು. ಹಲ್ಲಿನ ನಡುವೆ ಹಿಡಿಯುವ ರಬ್ಬರನ್ನು ಅಂಗಿಯ ತುದಿಯಿಂದ ಒರೆಸಿ ಕಚ್ಚಿ ನೋಡಿದೆ. ಸಣ್ಣ ಮಾಸ್ಕು, ಗಿಡ್ಡ ನಳಿ, ಎರಡನ್ನೂ ಮಾಲಕರು ಪೇಪರಿನಲ್ಲಿ ಸುತ್ತಿ ಕೊಟ್ಟರು.

ಬಸ್ಸಿಗೆ ಹೋಗುವ ಬದಲು ಕಾಲು ಶರಣಬಸವೇಶ್ವರ ಗುಡಿಯ ಕಡೆ ನಡೆಯಿತು. ಓಣಿಯ ತಿರುವಿನಲ್ಲಿ ಒಂದು ಕಾಯಿ ಅಂಗಡಿಯ ನೆರಳಿಗೆ ನಿಂತೆ. ಕಾಲೇಜಿನ ಹುಡುಗಿಯರು, ದರ್ಶನಕ್ಕೆ ಬಂದ ಹಳ್ಳಿಯವರು ಹಾದು ಹೋಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಕಸ್ತೂರಿ ಬಂದಳು. ಕೈಯಲ್ಲಿ ಬಟ್ಟೆಯ ಚೀಲ, ಜೊತೆಗೊಬ್ಬ ಗೆಳತಿ. ಗೆಳತಿ ಏನೋ ಹೇಳಿದಳು, ಕಸ್ತೂರಿ ನಕ್ಕಳು. ನಾನು ಅವಳ ನಗು ಕೇಳಿ ಏಳು ತಿಂಗಳಾಗಿತ್ತು. ಅದು ನಾನಿಲ್ಲದ ಕಡೆ ಹಿಂದಿರುಗಿ ಬಂದಿತ್ತು. ಕಂಕುಳಲ್ಲಿ ಪೇಪರಿನ ಪೊಟ್ಟಣ ಹಿಡಿದುಕೊಂಡು, ಅವಳು ಮನೆಯೊಳಗೆ ಹೋಗುವವರೆಗೂ ನೋಡಿ, ಬಸ್ ನಿಲ್ದಾಣಕ್ಕೆ ಹೋದೆ.

ಕಮಲಾಪುರದಲ್ಲಿ ಇಳಿದವನು ನೇರ ಕ್ಷೌರದ ಅಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತು, ಮೀಸೆ ತೆಗೆ ಎಂದೆ. ಕ್ಷೌರಿಕ ಶಿವಪ್ಪ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಮ್ಮ ಕಡೆ ಗಂಡಸು ಸುಮ್ಮನೆ ಮೀಸೆ ತೆಗೆಸುವುದಿಲ್ಲ.

“ಯಾರ್ರೀ ಸರ್?” ಎಂದು ಮೆಲ್ಲಗೆ ಕೇಳಿದ.

ನೀರಿನ ಚಷ್ಮಾದ ಕಥೆ ಹೇಳಲು ಬಾಯಿ ತೆರೆದೆ. ಬಾಯಿಂದ ಬಂದದ್ದು ಬೇರೆ. “ಮಗಳು,” ಎಂದೆ.

ಶಿವಪ್ಪನಿಗೆ ಸುಧಾ ಗೊತ್ತಿದ್ದಳು. ಅವಳು ಹೋಗಿ ಎಷ್ಟು ಕಾಲವಾಯಿತೆಂಬುದೂ ಗೊತ್ತಿತ್ತು. ಅವನು ಕತ್ತಿಯನ್ನು ಕೆಳಗಿಟ್ಟು, ಒಳಗೆ ಹೋಗಿ, ಆ ಉರಿಬಿಸಿಲಿನಲ್ಲಿ ನೀರು ಕಾಯಿಸಿ ತಂದು, ಬಿಸಿನೀರಿನಿಂದ ನನ್ನ ಮೇಲ್ದುಟಿಯನ್ನು ನೆನೆಸಿದ. ನಾನು ಕಣ್ಣು ಮುಚ್ಚಿಕೊಂಡೆ. ಅವನ ಕೈ ನನ್ನ ಮುಖದ ಮೇಲೆ ಹಿಂದೆಂದೂ ಅಷ್ಟು ನಿಧಾನವಾಗಿ ಚಲಿಸಿರಲಿಲ್ಲ.

ಮರುದಿನದಿಂದ ಇಪ್ಪತ್ತೆರಡು ದಿನ ನಾನು ಆ ಹೊಂಡದಲ್ಲಿದ್ದೆ. ಬೆಳಕು ಹರಿದೊಡನೆ ಇಳಿಯುವುದು, ಬಟ್ಟೆ ಒಗೆಯುವವರು ಬರುವಷ್ಟರಲ್ಲಿ ಮೇಲೆ ಬರುವುದು. ಗಾಜಿನ ಒಳಮೈಗೆ ಉಗುಳು ಸವರಿ ತೊಳೆದರೆ ಮಂಜು ಕೂಡುವುದಿಲ್ಲವೆಂದು ಇಸ್ಮಾಯಿಲ್ ಸಾಹೇಬರು ಹೇಳಿಕೊಟ್ಟರು. ದಿನವೂ ನುಣ್ಣಗೆ ಬೋಳಿಸಿದ ತುಟಿಗೆ ರಬ್ಬರು ಕಚ್ಚಿ ಕೂತಿತು, ಒಂದು ಹನಿ ಒಳಗೆ ಬರಲಿಲ್ಲ. ಮೊದಲ ಸಲ ಮುಖ ಇಟ್ಟಾಗ ನಾನು ಬೆಚ್ಚಿದೆ. ಅಷ್ಟು ವರ್ಷ ನೀರಿನಲ್ಲಿ ಬೆಳೆದವನು ನೀರಿನ ಒಳಗನ್ನು ಅವತ್ತೇ ಕಂಡದ್ದು. ಕಲ್ಲಿನ ಮೇಲಿನ ಉಳಿಯ ಗುರುತು, ಹೂಳಿನ ಮೇಲೆ ಬಸವನಹುಳು ಎಳೆದ ಗೆರೆ, ಮೇಲಿನ ಅಲೆಯ ನೆರಳು ತಳದಲ್ಲಿ ಬಲೆಯಂತೆ ಅಲುಗುವುದು, ಎಲ್ಲ ಕಾಣುತ್ತಿತ್ತು. ಹೂಳಿನ ಮೇಲೆ ಅಂಗೈಯಿಂದ ಬೀಸಣಿಗೆಯಂತೆ ಮೆಲ್ಲಗೆ ಗಾಳಿ ಹಾಕಿದ ಹಾಗೆ ಮಾಡಬೇಕು, ಕೆಸರು ಎದ್ದರೆ ಕದಲದೆ ಕಾಯಬೇಕು, ಅದು ತಾನೇ ಬದಿಗೆ ಸರಿದ ಮೇಲೆ ಕೆಳಗಿದ್ದದ್ದು ಕಾಣುತ್ತದೆ. ಕಾಯುವಾಗ ಕೇಳುತ್ತಿದ್ದುದು ನಳಿಯೊಳಗಿನ ನನ್ನದೇ ಉಸಿರು, ಒಳಗೆ ಹೊರಗೆ. ಆ ಊರಿನಲ್ಲಿ ನನ್ನ ಜೊತೆ ಇಡೀ ಬೆಳಗು ಮಾತಾಡುತ್ತಿದ್ದುದು ಅದೊಂದೇ.

ಡ್ರಾಯಿಂಗ್ ಹಾಳೆಯ ಮೇಲೆ ಹೊಂಡದ ತಳವನ್ನು ಅರವತ್ನಾಲ್ಕು ಚೌಕ ಮಾಡಿ ಬರೆದಿದ್ದೆ. ನೋಡಿ ಮುಗಿಸಿದ ಚೌಕಕ್ಕೆ ಪೆನ್ಸಿಲಿನಿಂದ ತೆಳುವಾಗಿ ಬಣ್ಣ ಹಾಕುತ್ತಿದ್ದೆ. ಸಿಕ್ಕಿದ್ದನ್ನೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟು ಬರುತ್ತಿದ್ದೆ. ಕಾಲುಂಗುರ, ಬೀಗದ ಕೈ, ನಿಜಾಮರ ಕಾಲದ ಸವೆದ ನಾಣ್ಯ, ಮುರಿದ ಬಳೆಗಳು ರಾಶಿ. ಜನ ಬಂದು ತಮ್ಮದನ್ನು ಗುರುತಿಸಿ ಒಯ್ಯುತ್ತಿದ್ದರು. ಒಂದು ದಿನ ಹಿತ್ತಾಳೆಯ ಚೆಂಬು ಸಿಕ್ಕಿತು, ಕುತ್ತಿಗೆಯ ಮೇಲೆ ‘ಚಂದ್ರವ್ವ’ ಎಂದು ಕೊರೆದಿತ್ತು. ಊರಲ್ಲಿ ಚಂದ್ರವ್ವ ಎಂಬುವವರೇ ಇಲ್ಲ ಎಂದರು ಎಲ್ಲರೂ. ಎರಡು ದಿನ ಬಿಟ್ಟು, ಎಲ್ಲರೂ ಶಾಂತವ್ವ ಎಂದು ಕರೆಯುವ ಒಬ್ಬ ಮುದುಕಿ ಕೋಲೂರಿಕೊಂಡು ಬಂದಳು. ಚಂದ್ರವ್ವ ಅವಳ ತವರಿನ ಹೆಸರಂತೆ, ಮದುವೆಯಲ್ಲಿ ಅತ್ತೆಯ ಮನೆಯವರು ಹೆಸರು ಬದಲಿಸಿದ್ದರಂತೆ. ಓದಲು ಬಾರದ ಆಕೆ ಅಕ್ಷರಗಳ ಮೇಲೆ ಬೆರಳಾಡಿಸಿ, ಚೆಂಬನ್ನು ಸೆರಗಿನೊಳಗೆ ಇಟ್ಟುಕೊಂಡು, ನನ್ನ ಕಡೆ ನೋಡದೆ ಹೋದಳು. ಅವಳಿಗೆ ಸಿಕ್ಕಿತಲ್ಲ ಎಂದು ಸಂತೋಷಪಟ್ಟೆನೋ, ನನಗೆ ಸಿಗಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತೋ, ಈಗಲೂ ಹೇಳಲಾರೆ.

ಹೆಂಗಸರು ಸ್ನಾನ ಮಾಡುವುದು ಪಡುವಣ ಮೆಟ್ಟಿಲ ಬಳಿ. ಆ ಕಡೆಯ ಚೌಕಗಳನ್ನೆಲ್ಲ ಎರಡೆರಡು ಸಲ ನೋಡಿದ್ದೆ. ಉಳಿದದ್ದು ಮೂಡಣ ಗೋಡೆಯ ಬುಡ, ಗೂಡಿನ ಕೆಳಗೆ. ಅಲ್ಲಿಗೆ ಯಾರೂ ಹೋಗುವುದಿಲ್ಲ. ಇಪ್ಪತ್ತೆರಡನೆಯ ದಿನ, ಬರೀ ಹಾಳೆ ತುಂಬಲಿ ಎಂದು ಅಲ್ಲಿ ಹೂಳು ಸರಿಸಿದೆ. ಕೆಸರು ಬದಿಗಾದಾಗ ಎರಡು ಕಲ್ಲುಗಳ ಸಂದಿಯಲ್ಲಿ ಹಸಿರು ಬಟ್ಟೆಯ ಒಂದು ಸಣ್ಣ ಗಂಟು ಕಂಡಿತು.

ಮೇಲೆ ತಂದು ಮೆಟ್ಟಿಲ ಮೇಲೆ ಕೂತೆ. ಅದು ಕಸ್ತೂರಿ ಬಸುರಿಯಿದ್ದಾಗ ಕುಬಸದ ಕಾರ್ಯಕ್ಕೆ ಉಟ್ಟ ಹಸಿರು ಸೀರೆಯ ತುಂಡು. ಒಂದರ ಮೇಲೊಂದು ಮೂರು ಗಂಟು. ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಒಳಗೆ ಮುಷ್ಟಿಯಷ್ಟು ನುಣುಪಾದ ಕಲ್ಲು, ಅದರ ಸುತ್ತ ಸುತ್ತಿದ ಉಡದಾರ. ಕೊಂಡಿ ಹಾಕಿತ್ತು. ಬೆಳ್ಳಿ ಕಪ್ಪಾಗಿತ್ತು, ಗೆಜ್ಜೆಯೊಳಗೆ ಕೆಸರು ತುಂಬಿ ಸದ್ದು ಬರುತ್ತಿರಲಿಲ್ಲ.

ಇಸ್ಮಾಯಿಲ್ ಸಾಹೇಬರು ತೋಟದ ಬೇಲಿ ದಾಟಿ ಬಂದು ಪಕ್ಕದಲ್ಲಿ, ಬಲಗಿವಿ ನನ್ನ ಕಡೆ ಮಾಡಿ ಕೂತರು. ಗಂಟನ್ನು ನೋಡಿದರು, ಮುಟ್ಟಲಿಲ್ಲ.

“ಇದು ಕಳಕೊಂಡಿದ್ದಲ್ರಿ ಮಾಸ್ತರ್. ಇದು ದಫನ್ ಮಾಡಿದ್ದು, ಮಣ್ಣ ಕೊಟ್ಟಿದ್ದು,” ಎಂದರು. ಮೊಣಕಾಲಿಗೆ ಕೈ ಊರಿ, “ಯಾರು ಇಟ್ಟಾರೋ ಅವರನ್ನ ಕೇಳ್ರಿ. ನೀವೇ ಏನೂ ನಿರ್ಧಾರ ಮಾಡಬ್ಯಾಡ್ರಿ,” ಎಂದು ಹೇಳಿ ಎದ್ದು ಹೋದರು.

ಆ ಮಧ್ಯಾಹ್ನವೇ ಕಲಬುರಗಿಗೆ ಹೋದೆ. ಅತ್ತೆ ನೀರು ಕೊಟ್ಟು, ನನ್ನ ಮುಖ ನೋಡಿ ಗಾಬರಿಯಾಗಿ ಒಳಗೆ ಹೋದರು. ಕಸ್ತೂರಿ ನಡುಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಇದ್ದಳು. ನನ್ನ ತುಟಿಯ ಮೇಲೆ ಅವಳ ಕಣ್ಣು ನಿಂತಿತು.

“ಊರಾಗ ಎಲ್ಲಾರೂ ಆರಾಮ ಅದಾರಲ್ರಿ?”

ಅದಾರ ಎಂದೆ. ಗಂಟನ್ನು ಯಂತ್ರದ ಹಲಗೆಯ ಮೇಲೆ ಇಟ್ಟೆ. ಅವಳ ಕಾಲು ಪೆಡಲಿನ ಮೇಲೆ ಇತ್ತು, ಯಂತ್ರ ಎರಡು ಸುತ್ತು ತಿರುಗಿ ನಿಂತಿತು.

“ಎಷ್ಟ ದಿನಾ ಹುಡುಕಿದ್ರಿ?”

“ಇಪ್ಪತ್ತೆರಡು.”

“ಇದು ಬಿದ್ದಿದ್ದಿಲ್ಲ.”

“ಗೊತ್ತಾತು.”

ಅವಳು ಬಟ್ಟೆಯ ತುದಿಯನ್ನು ಬೆರಳಿನಿಂದ ನೀವುತ್ತ ಕೂತಳು. ಆಮೇಲೆ ಹೇಳಿದಳು, ಮಣ್ಣು ಕೊಡಲು ಗಂಡಸರಷ್ಟೇ ಹೋಗಿದ್ದರು, ಕೂಸನ್ನು ಎಲ್ಲಿ ಇಟ್ಟರೆಂದು ತನಗೆ ಯಾರೂ ತೋರಿಸಲಿಲ್ಲ, ತನಗೂ ಒಂದು ಜಾಗ ಬೇಕಾಗಿತ್ತು, ಅದಕ್ಕೇ ಗೂಡಿನ ಗುರುತು ಹಿಡಿದು ಅದರ ಕೆಳಗೆ ಗಂಟನ್ನು ಬಿಟ್ಟೆನೆಂದು. ದನಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ಜಾಗ ತೋರಿಸಬೇಕೆಂಬುದು ನನ್ನ ತಲೆಗೆ ಎಂದೂ ಬಂದಿರಲಿಲ್ಲ. ಆ ಏಳೆಂಟು ತಿಂಗಳಲ್ಲಿ ನನಗೆ ಅಷ್ಟು ನಾಚಿಕೆಯಾದದ್ದು ಆ ಗಳಿಗೆಯಲ್ಲಿ.

“ನಾಳೆ ಬರ್ತೀನಿ,” ಎಂದಳು. “ಮತ್ತ ಅಲ್ಲೇ ಇಡಬೇಕು. ಇಟ್ಟು ಸಂಜಿ ಬಸ್ಸಿಗೆ ಹೊಳ್ಳಿ ಬರ್ತೀನಿ.”

ಹೇಳಿದಂತೆ ಬಂದಳು. ಬರುವ ಮೊದಲೇ ಮನೆಯಲ್ಲಿ ಉಡದಾರವನ್ನು ತೊಳೆದು, ಗೆಜ್ಜೆಯೊಳಗಿನ ಕೆಸರು ತೆಗೆದು, ಅದೇ ಕಲ್ಲಿಗೆ ಸುತ್ತಿ, ಅದೇ ಬಟ್ಟೆಯಲ್ಲಿ ಮೂರು ಗಂಟು ಹಾಕಿ ತಂದಿದ್ದಳು. ನಾನು ಮಾಸ್ಕು ಕಟ್ಟಿಕೊಳ್ಳುವುದನ್ನು ಮೆಟ್ಟಿಲ ಮೇಲೆ ನಿಂತು ನೋಡಿದಳು. ನಗಲಿಲ್ಲ. ಗಂಟನ್ನು ನನ್ನ ಕೈಗೆ ಕೊಟ್ಟಳು. ಕಾಲು ಊರದಂತೆ ತೇಲುತ್ತ ಮೂಡಣ ಗೋಡೆಯ ತನಕ ಹೋಗಿ, ಉಸಿರು ಹಿಡಿದು ಮುಳುಗಿ, ಸಂದಿಯಲ್ಲಿ ಇಟ್ಟು, ಮೇಲೆ ಹೂಳು ಸರಿಸಿದೆ. ಕೆಸರು ತಿಳಿಯಾಗುವವರೆಗೂ ಅಲ್ಲೇ ತೇಲುತ್ತಿದ್ದೆ. ದಂಡೆಗೆ ಬಂದಾಗ ಅವಳು ಕೇಳಿದಳು.

“ತಳದಾಗ ಹ್ಯಾಂಗದರಿ?”

“ತಂಪದ. ಸಪ್ಪಳಿಲ್ಲ,” ಎಂದೆ.

ಅವಳು ಕೊನೆಯ ಮೆಟ್ಟಿಲಿಗೆ ಇಳಿದು ನೀರಿನಲ್ಲಿ ಕೈ ಇಟ್ಟು ಕೂತಳು. ಆಮೇಲೆ ನಾನು ಅವಳನ್ನು ಊರಾಚೆಯ ಒಂದು ಹುಣಸೆಮರದ ಬಳಿಗೆ ಕರೆದುಕೊಂಡು ಹೋಗಿ, ಮಣ್ಣು ಕೊಟ್ಟ ಜಾಗವನ್ನು ತೋರಿಸಿದೆ. ಅಲ್ಲಿ ಗುರುತೇನೂ ಉಳಿದಿರಲಿಲ್ಲ. ಹೆಜ್ಜೆ ಎಣಿಸಿ ತೋರಿಸಿದೆ.

ಸಂಜೆ ಹೆದ್ದಾರಿಯ ಪಕ್ಕ ಬಸ್ ನಿಲ್ಲುವ ತಗಡಿನ ಚಪ್ಪರದ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತೆವು. ಬೀದರ ಕಡೆಯಿಂದ ಬರುವ ಬಸ್ಸು ತಡವಾಗಿತ್ತು. ಬಿಸಿಗಾಳಿ ಇನ್ನೂ ನಿಂತಿರಲಿಲ್ಲ. ಅವಳು ರಸ್ತೆಯನ್ನೇ ನೋಡುತ್ತ ಮಾತಾಡಿದಳು.

“ಆವತ್ತ ನೀವು ಅಂದಿದ್ದು ಖರೇನೇ ಅದ. ನಸುಕಿನ್ಯಾಗ ನಾ ಎದ್ದಿದ್ದೆ. ಮೈ ಬೆಚ್ಚಗಾಗಿತ್ತು. ನೀವು ಮಲಗಿದ್ರಿ, ಸಾಲಿಗೆ ಹೋಗೋರು, ಬೆಳಕ ಹರೀಲಿ ಅಂತ ಎಬ್ಬಸಲಿಲ್ಲ.”

ಏಳೆಂಟು ತಿಂಗಳು ಇದನ್ನು ಅವಳು ಒಬ್ಬಳೇ ಹೊತ್ತಿದ್ದಳು. ನಾನು ಹೊತ್ತದ್ದನ್ನು ಯಾರಿಗೂ, ನನಗೂ, ಹೇಳಿಕೊಂಡಿರಲಿಲ್ಲ.

“ನಾನೂ ಎಚ್ಚರಿದ್ದೆ, ಕಸ್ತೂರಿ,” ಎಂದೆ. “ಕೂಸು ನರಳಿದ್ದು ಕೇಳಿತ್ತು. ನೀ ಎದ್ದಿ ಅಂತ ಗೊತ್ತಾಗಿ, ಕಣ್ಣ ಮುಚ್ಚಿಕೊಂಡೇ ಮಲಗಿದ್ದೆ.”

ಅವಳು ನನ್ನ ಕಡೆ ತಿರುಗಿದಳು. ಬೈಯುತ್ತಾಳೆಂದು, ಎದ್ದು ಹೋಗುತ್ತಾಳೆಂದು ಕಾದೆ. ಅವಳು ನೋಡುತ್ತಲೇ ಇದ್ದಳು. ಅಷ್ಟರಲ್ಲಿ ಬಸ್ಸು ಬಂದು ಧೂಳೆಬ್ಬಿಸಿ ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಕಲಬುರ್ಗಿ, ಕಲಬುರ್ಗಿ ಎಂದು ಕೂಗಿದ, ನಮ್ಮ ಕಡೆ ನೋಡಿ ಬರ್ತೀರೇನ್ರಿ ಎಂದು ಕೇಳಿದ. ಕಸ್ತೂರಿ ಏಳಲಿಲ್ಲ. ಅವನು ಸಿಳ್ಳೆ ಹಾಕಿದ, ಬಸ್ಸು ಹೋಯಿತು.

ಅವಳು ಸಾಮಾನು ಸಮೇತ ಹಿಂದಿರುಗಿ ಬಂದದ್ದು ಶ್ರಾವಣದಲ್ಲಿ. ಅಷ್ಟರವರೆಗಿನ ಮೂರು ತಿಂಗಳು ನಾನು ಮತ್ತೆ ಒಂದೇ ತಟ್ಟೆ, ಒಂದೇ ಲೋಟ ತೊಳೆದೆ. ಆದರೆ ಆವತ್ತು ಮುಂದಿನ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಆ ತಾಸು ಪೂರ್ತಿ ನಾವಿಬ್ಬರೂ ಆ ಬೆಂಚಿನ ಮೇಲೆ, ತೋಳಿಗೆ ತೋಳು ತಾಗಿಸಿಕೊಂಡು ಅಳುತ್ತ ಕೂತಿದ್ದೆವು.